ಅಟ್ಟದ ಗಾಡಿ

ಬೆಳಿಗ್ಗೆ ಹಾಲು ಕಾಯಿಸೋಣವೆಂದು ಕಣ್ಣುಜ್ಜಿಕೊಂಡು ಅಡುಗೆಮನೆಗೆ ಹೋಗುತ್ತಿದ್ದವಳು ಮೊಮ್ಮಗನ ಆಟದ ಲಾರಿಯ ಮೇಲೆ ಕಾಲಿಟ್ಟೆ. ಲಾರಿಗೆ ಏನೂ ಆಗಲಿಲ್ಲ. ನಾನು ಮಾತ್ರ ಫ್ರಿಜ್ಜನ್ನು ತಬ್ಬಿಕೊಂಡು ಒಂಟಿ ಕಾಲಲ್ಲಿ ನಿಂತೆ. ನಿಂತಲ್ಲಿಂದಲೇ ಅದನ್ನು ಸರಿಯಾಗಿ ನೋಡಿದೆ. ಮೈ ಅಂಗೈಯಷ್ಟು, ಚಕ್ರಗಳು ಮಾತ್ರ ಮೈಗಿಂತ ದೊಡ್ಡವು. ಎಲ್ಲೋ ನೋಡಿದ ಮುಖ ಅನ್ನಿಸಿತು.

ಮೊಮ್ಮಗ ಎದ್ದು ಬಂದು ಮೊದಲು ಲಾರಿಯ ಯೋಗಕ್ಷೇಮ ವಿಚಾರಿಸಿ ಆಮೇಲೆ ನನ್ನ ಕಡೆ ತಿರುಗಿದ. "ಅಜ್ಜಿ, ಇದು ಮಾನ್‌ಸ್ಟರ್ ಟ್ರಕ್. ಕಾರುಗಳನ್ನೆಲ್ಲ ತುಳಿದು ಅಪ್ಪಚ್ಚಿ ಮಾಡುತ್ತೆ. ಅಮೆರಿಕದವರು ಫಸ್ಟ್ ಮಾಡಿದ್ದು," ಎಂದ.

ಅಮೆರಿಕದವರು ಅನೇಕ ವಿಷಯಗಳಲ್ಲಿ ಮೊದಲಿಗರಿರಬಹುದು, ನನ್ನ ತಕರಾರಿಲ್ಲ. ಆದರೆ ಇದೊಂದು ವಿಷಯದಲ್ಲಿ ಮಧುಗಿರಿ ತಾಲ್ಲೂಕಿನ ಪರವಾಗಿ ಸಾಕ್ಷಿ ಹೇಳದಿದ್ದರೆ ನಾನು ತಿಂದ ಮುದ್ದೆಗೆ ದ್ರೋಹ ಮಾಡಿದಂತೆ. ಹುಡುಗನಿಗೆ ಹೇಳಿದರೆ ಫೋನಿನಲ್ಲಿ ಹುಡುಕಿ ತೋರಿಸು ಅನ್ನುತ್ತಾನೆ. ನೀವು ಹಾಗೆ ಕೇಳುವವರಲ್ಲ ಎಂಬ ಧೈರ್ಯದ ಮೇಲೆ ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊರಟಗೆರೆಯವಳಾದ ನನಗೆ ಬಡವನಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನನ್ನ ಸೋದರಮಾವ ತಿಮ್ಮರಾಯಿ ಮಾವನ ಮನೆ ಇತ್ತು. "ಇನ್ನೇನು, ಊಟದ ಚಿಂತೆ ಇಲ್ಲ" ಎಂದು ಅಮ್ಮ ನನ್ನನ್ನು ಟ್ರಂಕಿನ ಸಮೇತ ಬಸ್ಸು ಹತ್ತಿಸಿದಳು. ನಾನು ಹೋಗಿ ಇಳಿದ ದಿನವೇ ಊಟದ ಚಿಂತೆ ಶುರುವಾಯಿತು. ಮನೆಯಲ್ಲಿ ಗಂಗತ್ತೆ ಇರಲಿಲ್ಲ. ಒಲೆಯ ಮುಂದೆ ಮಾವ ಪಂಚೆ ಎತ್ತಿ ಕಟ್ಟಿಕೊಂಡು, ಕೋಲು ಹಿಡಿದು, ಮುದ್ದೆಯ ಜೊತೆ ಕುಸ್ತಿಗೆ ಬಿದ್ದಿದ್ದ.

"ಅತ್ತೆ ಎಲ್ಲಿ ಮಾವ?" ಎಂದೆ.

"ತವರಾಗವ್ಳೆ," ಎಂದ ಮಾವ. ಕೋಲನ್ನು ಇನ್ನೊಂದು ಸುತ್ತು ತಿರುವಿ, "ನಾನೇ ಬುಟ್ಟು ಬಂದೆ," ಎಂದ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ನಮ್ಮ ಸೀಮೆಯಲ್ಲಿ ಮಗುವಿಗೂ ಗೊತ್ತು. ಮಾವನ ಮುದ್ದೆಯನ್ನು ಅಗಿಯದೆ ವಿಧಿಯಿರಲಿಲ್ಲ. ಒಳಗೆ ಹಸಿ ಹಿಟ್ಟಿನ ಗಂಟುಗಳು. ಒಂದೊಂದು ಗಂಟು ಸಿಕ್ಕಾಗಲೂ ಮಾವ ನನ್ನ ಮುಖ ನೋಡುತ್ತಿದ್ದ, ನಾನು ಸೂರಿನ ಕಡೆ ನೋಡುತ್ತಿದ್ದೆ. ಹೀಗೆ ನೋಡಿಕೊಂಡು ನಾಲ್ಕು ತಿಂಗಳು ಉಂಡೆವು. ಆದ್ದರಿಂದ ಮುಂದಿನ ಕತೆಯಲ್ಲಿ ಗಂಗತ್ತೆ ಮನೆಗೆ ಬರಬೇಕು ಅನ್ನುವ ಆಸೆ ಮಾವನಿಗೆಷ್ಟಿತ್ತೋ ನನಗೂ ಅಷ್ಟೇ ಇತ್ತು ಎಂಬುದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು.

ಆದದ್ದು ಇಷ್ಟು. ಮಾವನದು ಕುರಿ ಸಾಕುವ ಮನೆತನ. ಅವನ ತಂದೆ, ತಾತ ಎಲ್ಲರೂ ಕುರಿಯ ಹಿಂದೆ ನಡೆದೇ ಸವೆದವರು. ಮಾವನಿಗೆ ಮಾತ್ರ ಕುರಿಗಿಂತ ಗಾಡಿಯ ಮೇಲೆ ಜೀವ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ವ್ಯಾನೊಂದನ್ನು ತಂದು, ಹಿಂದಿನ ಮುಚ್ಚಿಗೆ ಕಿತ್ತು, ಅದರಲ್ಲಿ ಕುರಿ ತುಂಬಿಕೊಂಡು ಶಿರಾ ಸಂತೆಗೆ ಹೋಗುತ್ತಿದ್ದ. ಆ ಆಷಾಢದಲ್ಲಿ ಗಂಗತ್ತೆ ಅಣ್ಣನ ಮಗುವಿನ ನಾಮಕರಣಕ್ಕೆಂದು ವೈ.ಎನ್. ಹೊಸಕೋಟೆಯ ತವರಿಗೆ ಹೋದಳು. ನಮ್ಮಲ್ಲಿ ತವರಿಗೆ ಹೋದ ಹೆಂಗಸು ತಾನಾಗೇ ಬಸ್ಸು ಹತ್ತಿ ವಾಪಸ್ಸು ಬರುವ ಹಾಗಿಲ್ಲ. ಗಂಡನ ಮನೆಯವರು ಹೋಗಬೇಕು, ಬಾಗಿಲಲ್ಲಿ ಕೊಟ್ಟ ನೀರಿನಲ್ಲಿ ಕಾಲು ತೊಳೆಯಬೇಕು, ಬಾಯಿಬಿಟ್ಟು ಕರೆಯಬೇಕು. ಆಮೇಲೆ ಅವಳು ಗಂಟು ಎತ್ತಬೇಕು. ಮಾವ ವ್ಯಾನಿನಲ್ಲೇ ಹೊರಟ. ಹೊಸಕೋಟೆ ಮುಂದಿನ ಹಳ್ಳದ ಮರಳಿನಲ್ಲಿ ವ್ಯಾನು ಹೂತುಕೊಂಡಿತು. ಗಂಗತ್ತೆಯ ಅಣ್ಣ ಓಬಳೇಶಿ ತನ್ನ ಜೋಡೆತ್ತು ತಂದು, ಅರ್ಧ ಊರು ನೋಡುತ್ತಿದ್ದಂತೆ ಅದನ್ನು ಎಳೆದು ದಡಕ್ಕೆ ಹಾಕಿ, ಒಂದೇ ಒಂದು ಮಾತು ಆಡಿದ.

"ಏಂ ಬಾವಾ, ನಿನ್ನ ಗಾಡಿ ಪೆಟ್ರೋಲಿಗೆ ಓಡ್ತದೆ ಅಂದಿದ್ದೆ. ಹುಲ್ಲಿಗೆ ಓಡ್ತದಲ್ಲ."

ಊರು ನಕ್ಕಿತು. ಮಾವ ವ್ಯಾನು ತಿರುಗಿಸಿಕೊಂಡು ಬಡವನಹಳ್ಳಿಗೆ ಬಂದುಬಿಟ್ಟ. ಹೆಂಡತಿಯನ್ನು ಕರೆಯಲು ಹೋದವನು ಅವಳ ಮುಖವನ್ನೂ ನೋಡದೆ ಬಂದ. ಎತ್ತಿನ ಸಹಾಯವಿಲ್ಲದೆ ಆ ಮರಳು ದಾಟುವ ತನಕ ಹೊಸಕೋಟೆಯ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಮಾಡಿದ. ಎರಡು ದಿನದಲ್ಲಿ ಬಸ್ಸಿನ ಕಂಡಕ್ಟರ್ ಕೈಲಿ ಗಂಗತ್ತೆಯ ಮಾತು ಬಂತು: "ಬಾಗ್ಲಿಗೆ ಬಂದು, ಕಾಲು ತೊಳ್ದು, ಕರುದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ."

ಮೊದಲ ತಿಂಗಳು ಊರವರು ತಮಾಷೆ ಮಾಡಿದರು. ಮೂರನೇ ತಿಂಗಳು ತಮಾಷೆ ನಿಂತಿತು. ದೂರದ ನೆಂಟನೊಬ್ಬ ಬಂದು, ಪಟ್ಟನಾಯಕನಹಳ್ಳಿ ಕಡೆ ಒಂದು ಹೆಣ್ಣಿದೆ, ನೋಡೋಣವೇ ಎಂದು ಮಾವನನ್ನು ಕೇಳಿದ. ಮಾವ ಅವನಿಗೆ ಎರಡು ಮುದ್ದೆ ಬಡಿಸಿದ. ನೆಂಟ ಮತ್ತೆ ಬರಲಿಲ್ಲ. ಮಾವನಿಗೆ ಅತ್ತೆಯೆಂದರೆ ಪ್ರಾಣ, ಅದು ನನಗೆ ಗೊತ್ತಿತ್ತು. ಅವಳ ಸೀರೆಗಳನ್ನು ಭಾನುವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಿಚಿಡುತ್ತಿದ್ದ. ಆದರೆ ಹೋಗಿ ಕರೆ ಎಂದರೆ, "ಚಕ್ರ ಸಿಗ್ಲಿ ತಡಿ," ಅನ್ನುತ್ತಿದ್ದ.

ಚಕ್ರ ಸಿಕ್ಕಿತು. ಯಾವುದೋ ಕೆರೆ ಏರಿಯ ಕೆಲಸಕ್ಕೆ ಬಂದು ಕೆಟ್ಟು ನಿಂತಿದ್ದ ಮಣ್ಣು ತಳ್ಳುವ ಯಂತ್ರವೊಂದರ ನಾಲ್ಕು ಚಕ್ರಗಳು. ನಿಲ್ಲಿಸಿದರೆ ಒಂದೊಂದೂ ನನ್ನ ಎತ್ತರ. ಅವನ್ನು ಶಿರಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಬಾಷಾ ಸಾಬರ ಮುಂದೆ ಉರುಳಿಸಿ, ಇವನ್ನು ವ್ಯಾನಿಗೆ ಹಾಕಿ ಎಂದ. ಸಾಬರು ಚಕ್ರವನ್ನೂ ವ್ಯಾನನ್ನೂ ಮಾವನನ್ನೂ ಮೂರು ಸಲ ನೋಡಿದರು.

"ತಿಮ್ಮರಾಯಣ್ಣ, ಜರಾ ಸೋಚ್ ಮಾಡಿ. ಇದು ಗಾಡಿ ಆಗಲ್ಲ, ಮಿನಾರ್ ಆಗ್ತದೆ."

"ಆಗ್ಲಿ ಬುಡಿ ಸಾಬ್ರೆ. ಮಿನಾರು ಮರಳಲ್ಲಿ ಹೂತ್ಕಳಲ್ಲ," ಎಂದ ಮಾವ.

ಹದಿನೈದು ದಿನ ವೆಲ್ಡಿಂಗ್ ನಡೆಯಿತು. ಆ ಗಾಡಿ ಬಡವನಹಳ್ಳಿಗೆ ಬಂದ ದಿನ ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಕಿಟಕಿಯ ಆಚೆ ನಾಲ್ಕು ಚಕ್ರಗಳು ಹೋದವು. ಆಮೇಲೆ, ಅವುಗಳ ಮೇಲೆ ಎಲ್ಲೋ, ಮಾವ ಹೋದ. ಮಕ್ಕಳು ಹದಿಮೂರರ ಮಗ್ಗಿಯನ್ನು ಅಲ್ಲೇ ಬಿಟ್ಟು ಓಡಿದರು. ಅವರನ್ನು ಹಿಡಿದು ತರುವ ನೆಪದಲ್ಲಿ ನಾನೂ ಓಡಿದೆ. ಒಳಗೆ ಹೋಗಬೇಕಾದರೆ ಅಟ್ಟ ಹತ್ತಿದ ಹಾಗೆ ಹತ್ತಬೇಕು ಎಂದು ಊರವರು ಅದಕ್ಕೆ 'ಅಟ್ಟದ ಗಾಡಿ' ಎಂದು ಹೆಸರಿಟ್ಟರು.

ಹೊಸ ಗಾಡಿಯೆಂದ ಮೇಲೆ ಪೂಜೆ ಆಗಬೇಕಲ್ಲ. ಆಂಜನೇಯನ ಗುಡಿಯ ಪೂಜಾರಪ್ಪ ಬಂದು ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಗಾಡಿ ಮುಂದೆ ಹೋಗಬೇಕು, ಹಣ್ಣು ಪಚಕ್ಕನೆ ಒಡೆಯಬೇಕು, ದೃಷ್ಟಿ ಕಳೆಯಬೇಕು. ಆದರೆ ಆ ಟೈರಿನ ಹಲ್ಲುಗಳ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಸಂದು. ನಿಂಬೆಹಣ್ಣು ಆ ಸಂದಿಯಲ್ಲಿ ಸೇರಿಕೊಂಡು, ಒಂದು ಸುತ್ತು ಮೇಲೆ ಹೋಗಿ ಊರು ನೋಡಿ, ಇಡಿಯಾಗಿ ಕೆಳಗಿಳಿಯಿತು.

"ಒಡೀಲಿಲ್ಲ. ಇನ್ನೊಂದು ಸಲ," ಎಂದರು ಪೂಜಾರಪ್ಪ.

ಮೂರು ಸಲವಾಯಿತು. ನಿಂಬೆಹಣ್ಣುಗಳಿಗೆ ತಲೆಸುತ್ತು ಬಂದಿರಬಹುದು, ಬೇರೇನೂ ಆಗಲಿಲ್ಲ. ಯಾರೋ ಬೂದುಗುಂಬಳಕಾಯಿ ತಂದರು. ಅದು ಚಕ್ರಕ್ಕೆ ತಗುಲಿ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಮಾವನಿಗೆ ಬೆವರು ಇಳಿಯಿತು. ಇನ್ನೊಂದು ಸಲ ನೋಡೋಣವೆಂದು ಗಾಡಿಯನ್ನು ಹಿಂದಕ್ಕೆ ತಂದ. ಹಿಂದೆ ಏನಿದೆಯೆಂದು ಅಷ್ಟೆತ್ತರದಿಂದ ಕಾಣುತ್ತಿರಲಿಲ್ಲ. ಹಿಂದೆ ಬೇವಿನ ಮರಕ್ಕೆ ಒರಗಿಸಿದ್ದ ಪೂಜಾರಪ್ಪನವರ ಸೈಕಲ್ಲಿತ್ತು. ಗಾಡಿ ಅದನ್ನು ಕೆಡವಿಕೊಂಡು ನಿಧಾನವಾಗಿ ಹತ್ತಿ, ನಿಧಾನವಾಗಿ ಇಳಿಯಿತು. ಸೈಕಲ್ಲು ಹಪ್ಪಳವಾಯಿತು. ಆಮೇಲೆ ಊರಿಗೆ ಊರೇ ಚಪ್ಪಾಳೆ ತಟ್ಟಿತು, ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದು ಇನ್ನೊಂದು ಸೈಕಲ್ ತರಲೇ ಎಂದು ಕೇಳಿದರು. ಅಮೆರಿಕದಲ್ಲಿ ದುಡ್ಡು ಕೊಟ್ಟು ನೋಡುತ್ತಾರಂತೆ, ಬಡವನಹಳ್ಳಿಯಲ್ಲಿ ನಾವು ಅದನ್ನು ಪುಕ್ಕಟೆ ನೋಡಿದೆವು. ಪೂಜಾರಪ್ಪ ಸೈಕಲ್ಲನ್ನು ಬಹಳ ಹೊತ್ತು ನೋಡಿ, ಅದರ ಮೇಲೆ ತೀರ್ಥ ಚಿಮುಕಿಸಿ, "ಒಡೀತು. ಪೂಜೆ ಆಯ್ತು," ಎಂದರು. ಮಾವ ತನ್ನ ಸೈಕಲ್ಲನ್ನು ಅವರಿಗೆ ಕೊಟ್ಟ.

ಅಟ್ಟದ ಗಾಡಿಗೆ ಎರಡು ಗುಣಗಳಿದ್ದವು. ಒಂದು, ಅದಕ್ಕೆ ನೇರ ಹೋಗುವುದೆಂದರೆ ಇಷ್ಟ, ತಿರುಗುವುದೆಂದರೆ ಆಗದು. ಸ್ಟೇರಿಂಗ್ ತಿರುಗಿಸಬೇಕಾದರೆ ಮಾವ ಎದ್ದು ನಿಂತು ಎರಡು ಕೈಯಲ್ಲಿ ಜಗ್ಗಬೇಕು, ಪಕ್ಕದಲ್ಲಿ ಕೂತವರೂ ಒಂದು ಕೈ ಕೊಡಬೇಕು. ಎರಡು, ಅದನ್ನು ಹತ್ತಲು ಇಳಿಯಲು ಬಂಡೆ ಬೇಕು. ನಮ್ಮ ಮಧುಗಿರಿಯ ಸುತ್ತ ಬಂಡೆಗೇನು ಬರ. ಮನೆಯ ಹಿಂದೊಂದು ಬಂಡೆ, ಅಲ್ಲಿಂದ ಹತ್ತುವುದು. ಮಧುಗಿರಿಯಲ್ಲಿ ಬೆಟ್ಟದ ಕೆಳಗೊಂದು ಬಂಡೆ, ಅಲ್ಲಿ ಇಳಿಯುವುದು. ಮಾವನ ಗಾಡಿಯಲ್ಲಿ ಬರುವವರು ರಸ್ತೆ ಬದಿಯ ಬಂಡೆಗಳ ಮೇಲೆ ಹತ್ತಿ ಕಾಯುತ್ತಿದ್ದರು. ಕುರಿಗಳೂ ಬಂಡೆಯಿಂದ ಸಲೀಸಾಗಿ ಒಳಗೆ ಜಿಗಿಯುತ್ತಿದ್ದವು. ಶಿರಾ ಸಂತೆಯಲ್ಲಿ ಬಂಡೆಯಿಲ್ಲದೆ ಅವನ್ನು ಒಂದೊಂದಾಗಿ ಕೈಯಲ್ಲಿ ಎತ್ತಿ ಇಳಿಸಬೇಕಾಗಿತ್ತು. ಆದರೂ ಮಾವನಿಗೆ ಬುದ್ಧಿ ಬರಲಿಲ್ಲ ಎಂಬುದನ್ನು ಈಗ ನೋಡುತ್ತೀರಿ.

ಕಡಲೆಕಾಯಿ ಕೀಳುವ ಕಾಲಕ್ಕೆ ಒಂದು ಒಳ್ಳೆಯ ದಿನ ನೋಡಿ ಹೊಸಕೋಟೆಗೆ ಹೊರಟೆವು. ಕರೆಯಲು ಹೋಗುವಾಗ ಮನೆಯ ಹೆಣ್ಣೊಬ್ಬಳು ಜೊತೆಗಿರಬೇಕೆಂದು ನನ್ನನ್ನೂ ಕೂರಿಸಿಕೊಂಡ. ನಾನು ಹೊಸ ಸೀರೆ ಉಟ್ಟಿದ್ದೆ. ಬಂಡೆಯ ಮೇಲೆ ನಿಂತು, "ಮಾವ, ಯಾವುದಕ್ಕೂ ಏಣಿ ಕಟ್ಟಿಕೊಳ್ಳೋಣ," ಎಂದೆ.

"ಏಣಿ ಕಟ್ಕಂಡೋದ್ರೆ ಕರೆಂಟ್ ಕಂಬ ಹತ್ತಾಕೆ ಬಂದವ್ನೆ ಅಂತಾನೆ ಆ ಓಬಳೇಶಿ," ಎಂದ ಮಾವ. "ಬಂಡೆ ಇಲ್ದಿರೋ ಊರು ಎಲ್ಲೈತೆ ಮೇಡಮ್ಮೋರೆ?"

ಮಧುಗಿರಿಯ ಮನುಷ್ಯ ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಕೊರಟಗೆರೆಯಲ್ಲೂ ಬಂಡೆಗಳಿಗೆ ಕೊರತೆಯಿಲ್ಲವಾದ್ದರಿಂದ ನಾನೂ ಒಪ್ಪಿದೆ.

ಪಾವಗಡ ದಾಟುವಷ್ಟರಲ್ಲಿ ತಿರುವುಗಳಲ್ಲಿ ಕೈಕೊಟ್ಟು ಕೈಕೊಟ್ಟು ನನ್ನ ಎಡಗೈಯ ಬಳೆಗಳೆಲ್ಲ ಹೋಗಿದ್ದವು. ದಾರಿಯಲ್ಲಿ ಇಬ್ಬರು ಮುದುಕಿಯರು ಗಾಡಿಗೆ ಕೈಮುಗಿದರು. ಹೊಸಕೋಟೆಯ ಹಳ್ಳ ಬಂತು. ಮಾವ ಟವೆಲ್ಲು ತಲೆಗೆ ಸುತ್ತಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಗಾಡಿ ಇಳಿಸಿದ. ಆ ಚಕ್ರಗಳನ್ನು ಹಿಡಿದು ನಿಲ್ಲಿಸಲು ಮರಳಿನ ಕೈಲಿ ಆಗಲಿಲ್ಲ. ಗುಡುಗುಡು ಅನ್ನುತ್ತಾ ಆಚೆ ದಡ ಹತ್ತಿಬಿಟ್ಟೆವು. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಮಾವನ ಕಣ್ಣಲ್ಲಿ ನೀರು ಬಂತು. ಧೂಳು ಎಂದ. ನನಗೆ ನಿಜವಾಗಿಯೂ ಬಹಳ ಸಂತೋಷವಾಯಿತು, ಮುದ್ದೆಯ ಆಸೆಯನ್ನು ಬದಿಗಿಟ್ಟೇ ಹೇಳುತ್ತಿದ್ದೇನೆ.

ಗಂಗತ್ತೆಯ ತವರಿನ ಮುಂದೆ ಇದ್ದದ್ದು ಕಡಲೆಕಾಯಿ ಒಣಗಿಸುವ ಕಣ. ಸಾರಿಸಿ, ಗುಡಿಸಿ, ಒಂದು ಬೆಣಚುಕಲ್ಲೂ ಇಲ್ಲದ ಕಣ. ಗಂಗತ್ತೆ ಬಾಗಿಲಲ್ಲಿ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದಳು. ಗಾಡಿಯ ಸದ್ದು ಕೇಳಿಯೇ ನೀರು ತುಂಬಿಕೊಂಡು ಬಂದಿದ್ದಳು.

"ಗಂಗಾ, ದಾಟ್ಕಂಡು ಬಂದೆ. ನೋಡ್ದಾ?" ಎಂದ ಮಾವ ಮೇಲಿಂದ.

"ನೋಡ್ದೆ. ಇಳ್ದು ಬಾ. ಕಾಲ್ಗೆ ನೀರು ತಂದಿವ್ನಿ."

ಮಾವ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬಂಡೆ ಇರಲಿಲ್ಲ. ಟೈರು ಹಿಡಿದು ಜಾರಿ ಇಳಿಯಬಹುದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಾಗೆ ಇಳಿಯಬೇಕಾದರೆ ಅತ್ತೆ ಮನೆಯವರ ಕಡೆಗೆ ಹಿಂಭಾಗ ತಿರುಗಿಸಿ, ಹೊಸ ಪಂಚೆ ಎತ್ತಿಕೊಂಡು ಇಳಿಯಬೇಕು. ಅಳಿಯನಾದವನು ಅದನ್ನು ಹೇಗೆ ಮಾಡಿಯಾನು? ಏಣಿ ಕೇಳೋಣವೆಂದರೆ ಓಬಳೇಶಿ ಆಗಲೇ ಕಂಬಕ್ಕೆ ಒರಗಿ ಮೀಸೆಯಲ್ಲಿ ನಗುತ್ತಿದ್ದ.

"ನೀನೇ ಬಾ ಗಂಗಾ, ಹಂಗೇ ಹೊಂಟೋಗಾನ," ಎಂದ ಮಾವ.

"ಮೇಲೆ ಕುಂತ್ಕಂಡು ಬಾ ಅಂದ್ರೆ ಬರಾಕೆ ನಾನೇನು ಕುರಿಯಾ?" ಎಂದು ಗಂಗತ್ತೆ ಚೊಂಬನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ನಾವು ಮೇಲೇ ಕೂತೆವು. ಬಿಸಿಲು ಏರಿತು. ಜಗಳ ಏನೇ ಇರಲಿ, ಮನೆ ಮುಂದೆ ಅಳಿಯ ಹಸಿದು ಕೂರುವಂತಿಲ್ಲ. ಮಧ್ಯಾಹ್ನಕ್ಕೆ ಅವರೇ ಊಟಕ್ಕೆ ಕೂಗಿದರು. ಮಾವ ಕುರಿ ಕಟ್ಟುವ ಹಗ್ಗ ಇಳಿಬಿಟ್ಟ. ಅವರು ಅದಕ್ಕೆ ಮಂಕರಿ ಕಟ್ಟಿದರು. ಬಾವಿಯಿಂದ ನೀರು ಸೇದಿದ ಹಾಗೆ ಊಟ ಸೇದಿಕೊಂಡು ಉಂಡೆವು. ಗಂಗತ್ತೆಯ ಕೈಯ ಮುದ್ದೆ. ಒಂದು ಗಂಟಿಲ್ಲ. ಮಾವ ಮೂರು ಮುದ್ದೆ ನುಂಗಿ, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ಕೂತ. ಉಂಡ ಮೇಲೆ, ನೀರು ಕುಡಿದ ಮೇಲೆ, ನನಗೆ ಕೆಳಗಿಳಿಯಲೇಬೇಕಾದ ತುರ್ತೊಂದು ಶುರುವಾಯಿತು. ಅದರ ವಿವರ ನಿಮಗೆ ಬೇಡ.

"ಮಾವ, ಇಳಿದು ಕರೆದುಬಿಡು. ಸಾಕು," ಎಂದೆ.

"ಹೆಂಗೆ ಇಳೀಲಿ ಹೇಳು," ಎಂದ. ಆ ಧ್ವನಿಯಲ್ಲಿ ಗತ್ತು ಒಂಚೂರೂ ಉಳಿದಿರಲಿಲ್ಲ.

ಹೊತ್ತು ಇಳಿಯುವಾಗ ಓಬಳೇಶಿ ಹೊಲದಿಂದ ಬಂಡಿಯಲ್ಲಿ ಕಡಲೆಕಾಯಿ ಬಳ್ಳಿ ತಂದು ನಮ್ಮ ಗಾಡಿಯ ಬುಡದಲ್ಲೇ ಸುರಿದ. ಖಾಲಿ ಬಂಡಿಯನ್ನು ನಮ್ಮ ಪಕ್ಕಕ್ಕೆ ತಂದು ನಿಲ್ಲಿಸಿದ. ಹಳ್ಳದಲ್ಲಿ ವ್ಯಾನು ಎಳೆದಿದ್ದ ಅವೇ ಎತ್ತುಗಳು. "ದಿಗು ಬಾವಾ," ಎಂದ ತೆಲುಗಿನಲ್ಲಿ. "ಬಂಡಿ ಮೇಲೆ ಕಾಲಿಟ್ಟು ಇಳಿ." ಈ ಸಲ ಅವನು ನಗುತ್ತಿರಲಿಲ್ಲ. ಗಂಗತ್ತೆಯೂ ಹೊರಗೆ ಬಂದು, ಎತ್ತುಗಳ ಹಿಂದೆ, ನೊಗಕ್ಕೆ ಸೇರುವ ಬಂಡಿಯ ಮೂಕಿಮರಕ್ಕೆ ಒರಗಿ ನಿಂತಳು.

ಮಾವ ಎದ್ದ. ಎಡಗಾಲನ್ನು ಬಂಡಿಯ ಮೇಲಿಟ್ಟ. ಬಲಗಾಲು ಇನ್ನೂ ಅಟ್ಟದ ಗಾಡಿಯ ಮೇಲೇ ಇತ್ತು. ಹಾಗೇ ನಿಂತುಬಿಟ್ಟ. ಎತ್ತುಗಳನ್ನು ನೋಡಿದ. ತಿರುಗಿ ಸ್ಟೇರಿಂಗ್ ಕಡೆ ನೋಡಿದ. ಅಷ್ಟರಲ್ಲಿ ಎಡಗಡೆಯ ಎತ್ತು, ಅದಕ್ಕೇನಾಯಿತೋ, ಚಂಗನೆ ಮುಂದಕ್ಕೆ ನೆಗೆಯಿತು. ಮಾವನ ಎಡಗಾಲು ಹೊಸಕೋಟೆಯ ಕಡೆ ಹೊರಟಿತು. ಬಲಗಾಲು ಬಡವನಹಳ್ಳಿಯಲ್ಲೇ ಇರುತ್ತೇನೆಂದಿತು. ಮಾವ ನಡುವೆ ಕಡಲೆಬಳ್ಳಿಯ ರಾಶಿಗೆ ಬಿದ್ದು ಪೂರ್ತಿ ಕಾಣೆಯಾದ.

ಗಂಗತ್ತೆ ಹೋಗಿ ಹೊಸ್ತಿಲ ಮೇಲಿದ್ದ ಚೊಂಬು ತಂದಳು. ಬಳ್ಳಿಯ ರಾಶಿಯಿಂದ ಎದ್ದ ತಲೆಯ ಮೇಲೆ ಅಷ್ಟೂ ನೀರನ್ನು ಸುರಿದಳು. "ಕಾಲೆಲ್ಲೈತೆ ಅಂತ ಕಾಣ್ಲಿಲ್ಲ. ಮೇಲಿಂದ ಹುಯ್ದಿವ್ನಿ, ಇಳೀತದೆ ಬುಡು," ಎಂದಳು.

ಮಾವ ಬಾಯಿಯಿಂದ ಒಂದು ಕಡಲೆಕಾಯಿ ತೆಗೆದ. "ಗಂಗಾ, ಮನೆಗೆ ಬಾರೇ," ಎಂದ. "ನೀನಿಲ್ದೆ ಆಗ್ತಿಲ್ಲ."

ಗಂಗತ್ತೆ ಒಳಗೆ ಹೋಗಿ ಗಂಟು ತಂದಳು. ಅದು ಕಟ್ಟಿಯೇ ಇತ್ತು, ಮೇಲೆ ಧೂಳು ಕೂತಿತ್ತು. ಓಬಳೇಶಿ ಎತ್ತುಗಳ ಮೂಗುದಾರ ಬಿಗಿಯಾಗಿ ಹಿಡಿದು ನನ್ನನ್ನೂ ಇಳಿಸಿದ. ನಾನು ಯಾರನ್ನೂ ಮಾತಾಡಿಸದೆ ಹಿತ್ತಲಿಗೆ ಓಡಿದೆ. ಇತಿಹಾಸದ ಆ ಮುಖ್ಯ ಗಳಿಗೆಯ ಉಳಿದ ಭಾಗವನ್ನು ನಾನು ನೋಡಿಲ್ಲ.

ಮುಂದಿನ ವಾರವೇ ಬಾಷಾ ಸಾಬರು ಗಾಡಿಯನ್ನು ಮೊದಲಿನ ಎತ್ತರಕ್ಕೆ ಇಳಿಸಿಕೊಟ್ಟರು. ದೊಡ್ಡ ಟೈರುಗಳನ್ನು ಅಡ್ಡಡ್ಡ ಕೊಯ್ದು ಕುರಿಗಳಿಗೆ ನೀರಿನ ತೊಟ್ಟಿ ಮಾಡಿದರು. ಮಾವ ಅತ್ತೆ ಮತ್ತೆ ಮೂವತ್ತು ವರ್ಷಕ್ಕೂ ಮೇಲೆ ಜಗಳವಾಡಿಕೊಂಡು ಚೆನ್ನಾಗಿದ್ದರು. ಓಬಳೇಶಿಯ ಜೊತೆಗೂ ಮಾವನಿಗೆ ಸರಿಹೋಯಿತು. ಆ ಎಡಗಡೆಯ ಎತ್ತಿನ ಜೊತೆ ಮಾತ್ರ ಆಗಲಿಲ್ಲ. ಹೊಸಕೋಟೆಗೆ ಹೋದಾಗಲೆಲ್ಲ ಬಲಗಡೆಯ ಎತ್ತಿಗೆ ಹುರುಳಿ ತಿನ್ನಿಸಿ, ಮೈ ಸವರಿ, ಎಡಗಡೆಯದರ ಮುಖವನ್ನೂ ನೋಡದೆ ಬರುತ್ತಿದ್ದ. ಮಾವ ಹೋಗಿ ಈಗ ಕೆಲವು ವರ್ಷಗಳಾದವು.

ಇವತ್ತು ಕಾಫಿ ಕುಡಿದ ಮೇಲೆ ಮನಸ್ಸು ತಡೆಯದೆ ಗಂಗತ್ತೆಗೆ ಫೋನು ಮಾಡಿದೆ. ಬಡವನಹಳ್ಳಿಯಲ್ಲಿ ಮಗ ಸೊಸೆ ಮೊಮ್ಮಕ್ಕಳ ನಡುವೆ, ಹಿಂದೆ ಕುರಿಗಳು ಅರಚುವ ಸದ್ದಿನಲ್ಲಿ, ಯಾರಿಗೋ ಬೈಯುತ್ತಲೇ ಫೋನು ಎತ್ತಿದಳು. ಅದೂ ಇದೂ ಮಾತಾಡಿ, ಅವತ್ತು ಆ ಎತ್ತು ನೆಗೆಯದೆ ಇದ್ದಿದ್ದರೆ ನಾವು ಇವತ್ತೂ ಅಲ್ಲೇ ಕೂತಿರುತ್ತಿದ್ದೆವು ಎಂದು ನಕ್ಕೆ.

ಗಂಗತ್ತೆ ನಗಲಿಲ್ಲ. "ನಿಂತಿರೋ ಎತ್ತು ಸುಮ್ಸುಮ್ನೆ ಯಾ‍ಕೆ ನೆಗೀತದೆ ಕಣಮ್ಮ," ಎಂದಳು. "ನಾನೇ ಅದರ ಬಾಲ ತಿರುವ್ದೆ."

ನಲವತ್ತು ವರ್ಷಕ್ಕೂ ಮೇಲೆ ಈ ಕತೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಅಷ್ಟೂ ಸಲ ಆ ಮೂಕಪ್ರಾಣಿಯನ್ನು ಬೈದಿದ್ದೇನೆ.

"ಮಾವನಿಗೆ ಹೇಳಿದ್ದೆಯಾ?" ಎಂದೆ.

"ಎಲ್ಲಿ ಹೇಳ್ಲಿ. ಸಾಯೋಗಂಟ ಎತ್ತಿನ ಮೇಲೇ ಸಿಟ್ಟು ಮಾಡ್ಕಂಡಿದ್ದ, ಪಾಪ."

"ಅಷ್ಟೊಂದು ಕೋಪ ಇತ್ತಾ ಅತ್ತೆ ನಿನಗೆ, ಬೀಳಿಸುವಷ್ಟು?"

"ಕೋಪ ಎಲ್ಬಂತು," ಎಂದಳು ಗಂಗತ್ತೆ. ಕುರಿಗಳ ಸದ್ದಿನಿಂದ ದೂರ ಸರಿದಳೆಂದು ಕಾಣುತ್ತದೆ, ಧ್ವನಿ ಹತ್ತಿರವಾಯಿತು. "ಒಂದು ಕಾಲು ಇಳ್ಸಿದ್ದ, ಒಂದು ಕಾಲು ಮೇಲಿತ್ತು. ನಿಂತ್ಕಂಡು ಸ್ಟೇರಿಂಗ್ ಕಡೆ ನೋಡ್ದ ನೋಡು, ಇನ್ನೊಂದ್ ಸಲ ನನ್ನ ಬುಟ್ಟು ಹೊಂಟೋಗ್ಬುಡ್ತಾನೆ ಅಂತ ಎದೆ ಧಸಕ್ ಅಂದ್ಬುಡ್ತು ಕಣಮ್ಮ."